ಕೆಡವದೆ ಕಟ್ಟಲಾಗದೇ?

ಬೀದರ ಜಿಲ್ಲೆಯ ದುಬಲಗುಂಡಿಯಲ್ಲಾಗಲಿ, ಹುಮನಾಬಾದ್ ಬಸವಕಲ್ಯಾಣಗಳ ನಡುವಿನ ಬೇರಾವ ಊರಲ್ಲಾಗಲಿ, ಅಜ್ಜನ ಕಾಲದ ಮಾಳಿಗೆ ಮನೆಯಲ್ಲಿ ಜಾಗ ಸಾಲದಾದಾಗ ಬರುವ ಸಲಹೆ ಒಂದೇ: ‘ಕೆಡವಿ ಸ್ಲ್ಯಾಬ್ ಹಾಕ್ರಿ.’ ಗೌಂಡಿ ಹಾಗೆನ್ನುತ್ತಾನೆ. ಪೇಟೆಯ ಇಂಜಿನಿಯರು ಹಾಗೆನ್ನುತ್ತಾರೆ. ಹೈದರಾಬಾದಿನಲ್ಲೋ ಪುಣೆಯಲ್ಲೋ ದುಡಿಯುವ ಮಗ ಫೋನಿನಲ್ಲಿ ಅದನ್ನೇ ಹೇಳುತ್ತಾನೆ. ಆಮೇಲೆ ಜೆಸಿಬಿ ಬರುತ್ತದೆ. ಮೂರು ನಾಲ್ಕು ತಲೆಮಾರು ಬಾಳಿದ ಮನೆಯ ಕಲ್ಲು ಮಣ್ಣು ಟ್ರ್ಯಾಕ್ಟರ್ ಟ್ರಾಲಿಗಳಲ್ಲಿ ಊರ ಹೊರಗಿನ ತಗ್ಗು ಸೇರುತ್ತದೆ; ಸಾಗವಾನಿಯ ಕಂಬ, ತೊಲೆ, ಕೆತ್ತನೆಯ ದರವಾಜವನ್ನು ಹಳೆ ಕಟ್ಟಿಗೆಯ ವ್ಯಾಪಾರಿ ಸಿಕ್ಕ ಬೆಲೆಗೆ ಒಯ್ಯುತ್ತಾನೆ.

ಈ ಸಲಹೆಯ ಬೆನ್ನಿಗೆ ಗಟ್ಟಿಯಾಗಿ ಕೂತ ನಂಬಿಕೆಯೊಂದಿದೆ. ಹಳೆಯದಕ್ಕೆ ಹೊಸದು ಹೊಂದುವುದಿಲ್ಲ, ಮಣ್ಣಿನ ಗೋಡೆಯ ಪಕ್ಕ ಸಿಮೆಂಟಿನ ಕೋಣೆ ನಿಲ್ಲುವುದಿಲ್ಲ, ಆದ್ದರಿಂದ ಪೂರಾ ಇಟ್ಟುಕೊಳ್ಳಿ, ಇಲ್ಲವೇ ಪೂರಾ ಕೆಡವಿ ಎಂಬುದು ಅದು. ಈ ನಂಬಿಕೆ ತಪ್ಪು. ಕಟ್ಟಡ ವಿದ್ಯೆಯ ಲೆಕ್ಕದಲ್ಲಿ ತಪ್ಪು, ನಮ್ಮ ಭಾಗದ ಮನೆಗಳ ಚರಿತ್ರೆಯ ಲೆಕ್ಕದಲ್ಲಿ ಇನ್ನೂ ದೊಡ್ಡ ತಪ್ಪು. ಅದನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದರಿಂದಲೇ ಬೀದರ ಜಿಲ್ಲೆಯ ಹಳ್ಳಿಗಳು ಕಣ್ಣೆದುರೇ ತಮ್ಮ ಅತಿ ಒಳ್ಳೆಯ ಮನೆಗಳನ್ನು ಕಳೆದುಕೊಳ್ಳುತ್ತಿವೆ.

ಮೊದಲು ಚರಿತ್ರೆಯ ಮಾತು. ಈ ಮನೆಗಳನ್ನು ನಮ್ಮ ಹಿರಿಯರು ಅಡಿ ಇಂಚುಗಳಲ್ಲಿ ಹೇಳಲಿಲ್ಲ, ಅಂಕಣಗಳಲ್ಲಿ ಹೇಳಿದರು. ಎಂಟಂಕಣದ ಮನೆ, ಹನ್ನೆರಡಂಕಣದ ವಾಡೆ. ಕಂಬದಿಂದ ಕಂಬಕ್ಕೆ ಇರುವ ಜಾಗ ಒಂದು ಅಂಕಣ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೇ ಒತ್ತೊತ್ತಾಗಿ ಹಾಸಿದ ಕಟ್ಟಿಗೆ, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯದಂತೆ ಸವಳು ಮಣ್ಣು. ಈ ಕಟ್ಟುವಿಕೆಯ ಜಾಣತನ ಇರುವುದೇ ಕೂಡಿಸುತ್ತಾ ಹೋಗುವುದರಲ್ಲಿ. ಮಗನ ಮದುವೆಯಾದರೆ ಎರಡಂಕಣ ಬೆಳೆಯಿತು. ಒಕ್ಕಲುತನ ಹೆಚ್ಚಿದರೆ ದನದ ಮನೆ ಮುಂದಕ್ಕೆ ಬಂತು. ಅಣ್ಣತಮ್ಮಂದಿರು ಬೇರೆಯಾದರೆ ಅಂಗಳದ ನಡುವೆ ಗೋಡೆ ಎದ್ದು ಇನ್ನೊಂದು ಬಾಗಿಲು ಹುಟ್ಟಿತು. ಹಳೆಯ ವಾಡೆಯೊಂದರ ಗೋಡೆಗಳನ್ನು ಸಾವಕಾಶ ನೋಡುತ್ತಾ ಬನ್ನಿ. ಒಂದು ಕಡೆ ಜಂಬಿಟ್ಟಿಗೆಯ ಕೆಂಪು ಕಲ್ಲು, ಇನ್ನೊಂದು ಕಡೆ ಕಪ್ಪು ಕಲ್ಲು. ಒಂದು ಪಡಸಾಲೆಯ ಕಂಬ ದುಂಡು, ಮಗ್ಗುಲಿನದು ಚೌಕ. ನಿಜಾಮರ ಕಾಲದಲ್ಲಿ ಬಂದ ದಿವಾಣಖಾನೆಗೆ ಕಮಾನು, ಅದಕ್ಕಿಂತ ಹಳೆಯ ನಡುಮನೆಗೆ ನೇರ ತೊಲೆ. ಆಮೇಲೆ ಶಹಾಬಾದಿನ ಫರಸಿ ಕಲ್ಲು ಬಂದು ಸಗಣಿ ನೆಲದ ಪಕ್ಕದಲ್ಲೇ ಕೂತಿತು. ನಾವು ‘ಹಳೇ ಮನಿ’ ಅನ್ನುವುದು ಯಾವ ಒಂದು ವರ್ಷದಲ್ಲೂ ಹುಟ್ಟಿದ್ದಲ್ಲ. ಹಳೆಯದಕ್ಕೆ ಹೊಸದನ್ನು ಕೂಡಿಸಿಯೇ ಅದು ಮನೆಯಾಗಿದೆ.

ಅರಮನೆ, ಕೋಟೆಗಳ ಕತೆಯೂ ಇದೇ. ಬೀದರ ಕೋಟೆಯೊಳಗಿನ ರಂಗೀನ್ ಮಹಲಿಗೆ ಹೋದವರು ಕಪ್ಪು ಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪನ್ನೂ ಕೆತ್ತನೆಯ ಮರದ ಕಂಬಗಳನ್ನೂ ನೋಡಿ ಬೆರಗಾಗುತ್ತಾರೆ. 16ನೇ ಶತಮಾನದಲ್ಲಿ ಬರೀದಶಾಹಿ ದೊರೆ ಅಲಿ ಬರೀದ್ ತನಗಿಂತ ಹಿಂದಿನವರ ಕಟ್ಟಡವನ್ನು ಉಳಿಸಿಕೊಂಡು ಅದರ ಮೇಲೆ ತನ್ನ ಕಾಲದ ಕೆಲಸ ಮಾಡಿಸಿದ ಫಲ ಅದು. ಬಸವಕಲ್ಯಾಣದ ಕೋಟೆಯಲ್ಲಿ ಚಾಲುಕ್ಯರ ಕಾಲದ ಕಲ್ಲುಗಳ ಮೇಲೆ ಬಹಮನಿಯರೂ ಅವರ ನಂತರದವರೂ ಗೋಡೆ ಬುರುಜು ಏರಿಸಿದ್ದು ಬರಿಗಣ್ಣಿಗೇ ಕಾಣುತ್ತದೆ. ಕೈಯಲ್ಲಿ ಅಧಿಕಾರ, ಹಣ, ಆಳು ಎಲ್ಲ ಇದ್ದವರು ಕೂಡ ಇದ್ದುದನ್ನು ಲೆಕ್ಕಕ್ಕೆ ಹಿಡಿದರು.

‘ಚರಿತ್ರೆ ಇರಲಿ, ಜೀವದ ಮಾತೇನು?’ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ತಳ್ಳಿಹಾಕುವ ಹಕ್ಕು ಈ ಭಾಗದಲ್ಲಿ ಯಾರಿಗೂ ಇಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಊರುಗಳ ಮೇಲೆ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪ ಎರಗಿತು. ಬಸವಕಲ್ಯಾಣದಿಂದ ನೆಟ್ಟಗೆ ಅಳೆದರೆ ಕಿಲ್ಲಾರಿ 40-45 ಕಿ.ಮೀ. ಆಸುಪಾಸು. ಲಾತೂರ್ ಮತ್ತು ಆಗಿನ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರ ಸಂಖ್ಯೆ 7 ಸಾವಿರ ದಾಟಿತು. ಅವರನ್ನು ಕೊಂದದ್ದು ಬಹುಪಾಲು ಕಲ್ಲು ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ನಮ್ಮ ಕಡೆ ಆ ರಾತ್ರಿ ಅಂಗಳಕ್ಕೆ ಓಡಿದವರು ಇವತ್ತಿಗೂ ಮಾಳಿಗೆಯ ಕೆಳಗೆ ನಿರುಮ್ಮಳವಾಗಿ ಮಲಗಲಾರರು. ‘ಕೆಡವಿ ಸ್ಲ್ಯಾಬ್ ಹಾಕ್ರಿ’ ಎಂಬ ಮಾತಿಗೆ ಇಷ್ಟು ಬಲ ಬಂದದ್ದು ಆ ರಾತ್ರಿಯಿಂದ.

ಆದರೆ ಆ ಮನೆಗಳು ಏಕೆ ಬಿದ್ದವು ಎಂಬುದನ್ನು ಯಾರೂ ನಮ್ಮ ಊರಿಗೆ ಬಂದು ಸರಿಯಾಗಿ ಹೇಳಲಿಲ್ಲ. ಎರಡು ಎರಡೂವರೆ ಅಡಿ ದಪ್ಪದ ಗೋಡೆ ಹೊರಗಿನಿಂದ ಒಂದೇ ಗೋಡೆಯಂತೆ ಕಾಣುತ್ತದೆ. ಒಳಗೆ ಅದು ಎರಡು ಪದರ. ನಡುವೆ ಚೂರುಕಲ್ಲು, ಮಣ್ಣು. ಈ ಎರಡು ಪದರಗಳನ್ನು ಹಿಡಿದಿಡಲು ಗೋಡೆಯ ಒಂದು ಮೈಯಿಂದ ಇನ್ನೊಂದು ಮೈವರೆಗೆ ಉದ್ದನೆಯ ಅಡ್ಡಗಲ್ಲು ಹಾಕಬೇಕು. ಅದನ್ನು ಹಾಕದ ಗೋಡೆ ನಡುಗಿದಾಗ ಹೊಟ್ಟೆ ಉಬ್ಬಿ ಎರಡಾಗಿ ಸೀಳುತ್ತದೆ. ಎರಡನೆಯ ಕಾರಣ ಮಾಳಿಗೆಯ ಭಾರ. ಮಳೆಗಾಲಕ್ಕೆ ಮುಂಚೆ ಸೋರುವ ಜಾಗಕ್ಕೆ ಒಂದಷ್ಟು ಮಣ್ಣು ಏರಿಸುವುದು ರೂಢಿ. ಹಳೆಯದನ್ನು ಇಳಿಸುವುದು ರೂಢಿಯಲ್ಲ. ಒಂದಡಿ ದಪ್ಪದ ಮಣ್ಣು ಪ್ರತಿ ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ವರ್ಷವರ್ಷ ಏರುತ್ತಾ ಅದು ಎರಡಡಿಯಾದರೆ ಮಲಗಿದವನ ತಲೆಯ ಮೇಲೆ ಚದರ ಮೀಟರಿಗೆ ಒಂದು ಟನ್. ಇದರ ನಡುವೆಯೂ, ಕಟ್ಟಿಗೆಯ ಕಂಬ ತೊಲೆಗಳ ಚೌಕಟ್ಟು ಸರಿಯಾಗಿದ್ದ ಕಡೆ ಗೋಡೆ ಉರುಳಿದರೂ ಮಾಳಿಗೆ ಕಂಬಗಳ ಮೇಲೆ ನಿಂತದ್ದುಂಟು. ಅಂಕಣದ ಕಟ್ಟಡ ಎಂದರೆ ಅದೇ: ಭಾರ ಹೊರುವುದು ಕಂಬ, ಮರೆ ಮಾಡುವುದು ಗೋಡೆ.

ಕಾಯಿಲೆ ಗೊತ್ತಾದ ಮೇಲೆ ಮದ್ದೂ ಗೊತ್ತಾಗಿದೆ. ಕಿಲ್ಲಾರಿಯ ನಂತರ ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕಿನ ಸಾಲದಲ್ಲಿ ನಡೆಸಿದ ಪುನರ್ವಸತಿ ಕೆಲಸದಲ್ಲಿ ಸುದ್ದಿಯಾದದ್ದು ಸಾಲುಸಾಲಾಗಿ ಎದ್ದ ಹೊಸ ಊರುಗಳು. ಸುದ್ದಿಯಾಗದೆ ಉಳಿದದ್ದು ಇನ್ನೊಂದು: ಅದೇ ಯೋಜನೆಯಲ್ಲಿ ಲಕ್ಷಕ್ಕೂ ಹೆಚ್ಚು ಹಳೆಯ ಮನೆಗಳಿಗೆ, ಅವು ನಿಂತಲ್ಲೇ, ರಿಪೇರಿ ಮತ್ತು ಬಲವರ್ಧನೆಗೆ ನೆರವು ಸಿಕ್ಕಿತು. ಭಾರತೀಯ ಮಾನಕ ಸಂಸ್ಥೆ ಕಲ್ಲು ಮಣ್ಣಿನ ದುರ್ಬಲ ಗೋಡೆಗಳಿಗಾಗಿಯೇ ಬರೆದ ಐಎಸ್ 13828 ಎಂಬ ನಿಯಮಾವಳಿ ಹೊರಬಂದದ್ದೂ 1993ರಲ್ಲೇ. ಗೋಡೆಯ ಎತ್ತರದಲ್ಲಿ ಎರಡಡಿಗೊಂದು, ಉದ್ದದಲ್ಲಿ ನಾಲ್ಕಡಿಗೊಂದು ಅಡ್ಡಗಲ್ಲು ಬೇಕು ಎನ್ನುತ್ತದೆ ಅದು. ನಿಂತ ಗೋಡೆಯಲ್ಲೂ ಇದನ್ನು ಮಾಡಬಹುದು: ತೂತು ಕೊರೆದು, ಸಲಾಖೆ ಇಟ್ಟು, ಕಾಂಕ್ರೀಟ್ ತುಂಬಿದರೆ ಎರಡು ಪದರ ಒಂದಾಗುತ್ತವೆ. ಮೂಲೆಗಳಿಗೆ ಪಟ್ಟಿ ಕಟ್ಟಬೇಕು. ಮಾಳಿಗೆಯ ಮಣ್ಣು ಇಳಿಸಿ ಒಂದು ಗೇಣಿಗಿಂತ ಹೆಚ್ಚಾಗದಂತೆ ಇಟ್ಟು, ನೀರು ಹಿಡಿಯದ ಹಾಳೆ ಹಾಸಿ, ಮೇಲೆ ಇಳಿಜಾರಾಗಿ ಗಚ್ಚು ಬಡಿಯಬೇಕು. ಇದಾವುದೂ ನಮ್ಮ ಗೌಂಡಿಯ ಕೈಗೆ ಎಟುಕದ ಕೆಲಸವಲ್ಲ.

ಸ್ಲ್ಯಾಬ್ ಎಂದ ಮಾತ್ರಕ್ಕೆ ಜೀವ ಉಳಿಯುತ್ತದೆ ಎಂಬ ಭ್ರಮೆಯನ್ನೂ ಇಲ್ಲೇ ಬಿಡಬೇಕು. 2001ರ ಜನವರಿ 26ರಂದು ಭುಜ್ ಭೂಕಂಪವಾದಾಗ, ಅಲ್ಲಿಂದ ನೂರಾರು ಕಿಲೋಮೀಟರ್ ದೂರದ ಅಹಮದಾಬಾದಿನಲ್ಲಿ ಕುಸಿದದ್ದು ಕಾಂಕ್ರೀಟಿನ ಬಹುಮಹಡಿಗಳು. ಸರಿಯಾಗಿ ಕಟ್ಟದ ಯಾವ ಕಟ್ಟಡವೂ ಕಾಯುವುದಿಲ್ಲ. ನಮ್ಮ ಊರುಗಳಲ್ಲಂತೂ ಇದಕ್ಕಿಂತ ಭಯಂಕರವಾದದ್ದು ನಡೆಯುತ್ತಿದೆ: ಪೂರ್ತಿ ಕೆಡವಲು ಹಣ ಸಾಲದೆ, ಹಳೆಯ ಕಲ್ಲು ಮಣ್ಣಿನ ಗೋಡೆಯ ಮೇಲೆಯೇ ಸ್ಲ್ಯಾಬ್ ಸುರಿಯುವುದು. ಮರದ ಚೌಕಟ್ಟು ಕಿತ್ತು, ಅದು ಹೊರುತ್ತಿದ್ದ ಭಾರವನ್ನು ಭಾರ ಹೊರಲಾರದ ಗೋಡೆಗೆ ಹೊರಿಸುವ ಈ ಕೆಲಸವನ್ನು ಯಾರೂ ಮಾಡಬಾರದು. ಹಳೆಯದು ಹೊಸದರ ಜೋಡಣೆ ಎಂದು ನಾನು ಹೇಳುತ್ತಿರುವುದಕ್ಕೂ ಇದಕ್ಕೂ ಯಾವ ನಂಟೂ ಇಲ್ಲ.

ಇನ್ನು ಮರ್ಯಾದೆಯ ಮಾತು. ‘ಮಣ್ಣಿನ ಮನೀಗಿ ಹೆಣ್ಣು ಯಾರು ಕೊಡ್ತಾರ್ರೀ?’ ಎಂಬ ಮಾತು ಕೇಳದ ಮನೆ ಹುಮನಾಬಾದ್ ತಾಲ್ಲೂಕಿನಲ್ಲಿ ಸಿಗಲಿಕ್ಕಿಲ್ಲ. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹಳೆಯ ಮನೆಯ ಚೆಂದವನ್ನು ಹೊಗಳುವವರಲ್ಲಿ ಬಹಳ ಜನ ಅದರ ಅಡುಗೆ ಮನೆಯಲ್ಲಿ ಒಂದು ಹೊತ್ತೂ ಕೂತವರಲ್ಲ. ಕಿಟಕಿಯಿಲ್ಲದ ಒಲೆಯ ಮೂಲೆ, ಹೊಗೆ ಹೋಗಲು ಮಾಳಿಗೆಯಲ್ಲೊಂದು ಬೆಳಕಿಂಡಿ, ನೀರಿಗೆ ಹೊರಗಿನ ಬಾವಿ, ಹೊತ್ತು ಮುಳುಗುವತನಕ ಬಯಲಿಗೆ ಹೋಗಲಾರದ ಹೆಂಗಸರು, ವಾರವಾರ ಸಾರಿಸುವ ನೆಲ, ದೀಪಾವಳಿಗೆ ಬಳಿಯುವ ಗೋಡೆ. ಸೊಸೆಯಾಗಿ ಬರುವವಳು ಬೇಡ ಎನ್ನುತ್ತಿರುವುದು ಇದನ್ನು. ಅವಳು ಹೇಳುವುದು ಸರಿ. ಆದರೆ ಅವಳ ದೂರುಗಳಲ್ಲಿ ಯಾವುದಕ್ಕೆ ಎರಡಡಿ ದಪ್ಪದ ಗೋಡೆ ಕಾರಣ? ಕಂಬಸಾಲಿನ ಪಡಸಾಲೆ ಕಾರಣವೇ? ಅವಳು ಕೇಳುತ್ತಿರುವುದು ಗಾಳಿ ಬೆಳಕಿನ ಅಡುಗೆ ಮನೆ, ಒಳಗೇ ನೀರು, ಒಳಗೇ ಪಾಯಖಾನೆ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ಇಷ್ಟನ್ನೂ ಹಿತ್ತಲಲ್ಲಿ ಹೊಸದಾಗಿ ಕಟ್ಟಿಕೊಡಲು ಮುಂದಿನ ವಾಡೆಯನ್ನು ಕೆಡವಬೇಕಾಗಿಲ್ಲ. ಎಷ್ಟೋ ಕಡೆ ಕೆಡವಿ ಕಟ್ಟಿದ ಮೇಲೂ ಅವಳಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಇಕ್ಕಟ್ಟಿನ ಅಡುಗೆ ಮೂಲೆ. ಹಣವೆಲ್ಲ ರಸ್ತೆಗೆ ಕಾಣುವ ಮುಂಗೋಡೆಯ ಟೈಲ್ಸಿಗೆ ಹೋಯಿತು. ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನದ ಬಿಸಿಲು 40 ಡಿಗ್ರಿ ಮುಟ್ಟುವ ನಾಡಿನಲ್ಲಿ ಐದಿಂಚಿನ ಸ್ಲ್ಯಾಬ್ ಹಗಲೆಲ್ಲ ಕುಡಿದ ಶಾಖವನ್ನು ಸಂಜೆ ಅವಳು ರೊಟ್ಟಿ ಬಡಿಯುವ ಹೊತ್ತಿಗೆ ಒಳಕ್ಕೆ ಉಗುಳುತ್ತದೆ. ಆ ಹೊತ್ತಿಗೆ ಹಳೆಯ ನಡುಮನೆ ಇನ್ನೂ ತಂಪಾಗಿರುತ್ತಿತ್ತು.

ಸರ್ಕಾರವೂ ಈ ತಪ್ಪು ನಂಬಿಕೆಗೆ ಮೊಹರು ಒತ್ತಿದೆ. ಜನಗಣತಿಯ ಪಟ್ಟಿಯಲ್ಲಿ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ಎಂದರೆ ಕಚ್ಚಾ. ನೂರು ವರ್ಷ ನಿಂತ ವಾಡೆಯೂ ಕಚ್ಚಾ, ನಿನ್ನೆ ಎತ್ತಿದ ಜೋಪಡಿಯೂ ಕಚ್ಚಾ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಕಚ್ಚಾ ಮನೆಯವರಿಗೆ ಕನಿಷ್ಠ 25 ಚದರ ಮೀಟರಿನ ಹೊಸ ಪಕ್ಕಾ ಮನೆಗೆ ಹಣ ಕೊಡುತ್ತದೆ. ಬಡವರಿಗೆ ಸೂರು ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದೇ ಯೋಜನೆಯ ನಗರದ ಆವೃತ್ತಿಯಲ್ಲಿ, ಇದ್ದ ಮನೆಗೆ ಕನಿಷ್ಠ 9 ಚದರ ಮೀಟರ್ ಕೂಡಿಸಿಕೊಳ್ಳುವವರಿಗೂ ನೆರವು ಇತ್ತು. ಪಟ್ಟಣದವನು ಕೋಣೆ ಕೂಡಿಸಿಕೊಳ್ಳಬಹುದು ಎಂದು ಒಪ್ಪಿದ ಸರ್ಕಾರ, ಅಂಕಣ ಕೂಡಿಸುವುದನ್ನೇ ಕಸುಬು ಮಾಡಿಕೊಂಡ ಹಳ್ಳಿಯವನಿಗೆ ಆ ದಾರಿಯನ್ನು ಏಕೆ ತೆರೆಯಬಾರದು? ಅದರ ಮೇಲೆ ಪಂಚಾಯಿತಿಯ ಸಿಸಿ ರಸ್ತೆ ಬೇರೆ. ಹಳೆಯ ರಸ್ತೆ ಅಗೆಯದೆ ಅದರ ಮೇಲೆಯೇ ಹೊಸ ಕಾಂಕ್ರೀಟ್ ಸುರಿದು ಸುರಿದು ಬೀದಿ ಮೇಲೇರಿ, ಹಳೆಯ ಮನೆಗಳ ಹೊಸ್ತಿಲು ತಗ್ಗಿಗೆ ಬಿದ್ದಿದೆ. ಮಳೆ ನೀರು ಬೀದಿಯಿಂದ ಒಳಗೆ ನುಗ್ಗುತ್ತದೆ, ಗೋಡೆಯ ಬುಡ ನೆನೆಯುತ್ತದೆ, ಆಮೇಲೆ ಎಲ್ಲರೂ ಹೇಳುತ್ತಾರೆ: ‘ಮಣ್ಣಿನ ಮನಿ, ಬಾಳಿಕಿ ಇಲ್ಲ.’

ಎದುರು ದಿಕ್ಕಿನಲ್ಲಿ ನಿಂತವರ ಬಗ್ಗೆಯೂ ನನಗೆ ತಕರಾರಿದೆ. ಹಳೆಯ ಮನೆಯನ್ನು ಮುಟ್ಟಲೇಬಾರದು, ಇದ್ದಂತೆ ಕಾಪಾಡಬೇಕು ಎನ್ನುವವರು ಅವರು. ಹುಮನಾಬಾದಿನ ನವಾಬ್ ಮಹಲೊಂದು ಇವತ್ತು ಮಣಿಪಾಲದಲ್ಲಿದೆ. ವಿಜಯನಾಥ ಶೆಣೈ ಅವರು ಅಲ್ಲಿ ಕಟ್ಟಿದ ಪಾರಂಪರಿಕ ಗ್ರಾಮದಲ್ಲಿ, ನಾಡಿನ ಬೇರೆ ಬೇರೆ ಕಡೆಯಿಂದ ಬಿಚ್ಚಿ ತಂದ ಮನೆಗಳ ನಡುವೆ ಅದನ್ನು ಮತ್ತೆ ನಿಲ್ಲಿಸಿದರು. ಶೆಣೈ ಅವರು ಮಾಡಿದ್ದು ದೊಡ್ಡ ಕೆಲಸ. ಅವರು ಎತ್ತಿಕೊಂಡು ಹೋಗದಿದ್ದರೆ ಅಂಥ ಮನೆಗಳ ಮರ ಹಳೆ ಸಾಮಾನಿನ ಅಂಗಡಿಗಳ ಪಾಲಾಗುತ್ತಿತ್ತು. ಆದರೂ ಎರೆಮಣ್ಣಿನ ಸೀಮೆಯ ಮಹಲೊಂದು ಅರಬ್ಬಿ ಸಮುದ್ರದ ಮಳೆಯ ಸೀಮೆಗೆ ಹೋಗಿ, ಟಿಕೀಟು ಕೊಟ್ಟು ನೋಡುವ ವಸ್ತುವಾಗಬೇಕಾಯಿತು ಎಂಬುದು ನಮ್ಮ ತಾಲ್ಲೂಕಿನವರು ನಾಚಬೇಕಾದ ಸಂಗತಿ. ಕೆಡವುವುದು ಅಥವಾ ಮ್ಯೂಸಿಯಂ ಮಾಡುವುದು, ಇವೆರಡೇ ದಾರಿ ಎಂದು ಒಪ್ಪಿಕೊಂಡರೆ ಹೀಗೆಯೇ ಆಗುತ್ತದೆ. ಇದ್ದ ಮನೆಯಲ್ಲಿ ಜನ ಬಾಳಬೇಕಾದರೆ ಅದು ಬೆಳೆಯಲೇಬೇಕು.

ಬೆಳೆಸುವುದು ಹೇಗೆ? ಇಲ್ಲಿ ‘ಹಳೇ ಲುಕ್’ ಬೇಕೆಂದು ಕಾಂಕ್ರೀಟ್ ಕಂಬಕ್ಕೆ ಮರದ ಬಣ್ಣ ಬಳಿಯುವವರಿದ್ದಾರೆ. ಅದು ಸುಳ್ಳು, ಹತ್ತು ವರ್ಷದಲ್ಲಿ ಬಣ್ಣ ಕಿತ್ತು ಸುಳ್ಳು ಬಯಲಾಗುತ್ತದೆ. ಹಳೆಯ ಕಟ್ಟಡಕ್ಕೆ ಕೂಡಿಸಿದ್ದು ಹಳೆಯದರಂತೆ ನಟಿಸಬಾರದು, ತನ್ನ ಕಾಲದ ಗುರುತು ಹೊತ್ತಿರಬೇಕು ಎಂದು 1964ರಲ್ಲಿ ವೆನಿಸ್ಸಿನಲ್ಲಿ ಸೇರಿದ ಸಂರಕ್ಷಣಾ ತಜ್ಞರು ಒಪ್ಪಿದ ಸನದು ಹೇಳುತ್ತದೆ. ಇಟಲಿಯ ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ ವೆರೋನಾದ ಕಾಸ್ಟೆಲ್‌ವೆಕ್ಯೊ ಕೋಟೆಯಲ್ಲಿ ಕೆಲಸ ಮಾಡುವಾಗ ಹಳೆಯ ಗೋಡೆಗೂ ತನ್ನ ಹೊಸ ನೆಲಕ್ಕೂ ನಡುವೆ ಸಂದು ಬಿಟ್ಟ, ಎರಡೂ ಒಂದನ್ನೊಂದು ಒತ್ತದಂತೆ. ನಮ್ಮ ಎರೆಭೂಮಿಗೆ ಈ ಸಂದು ಅಲಂಕಾರವಾಗಿ ಅಲ್ಲ, ಅಗತ್ಯವಾಗಿ ಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ನೂರು ವರ್ಷ ಕೂತು ಹದಕ್ಕೆ ಬಂದ ಪಾಯವೂ ಈ ವರ್ಷ ತೋಡಿದ ಪಾಯವೂ ಒಂದೇ ಲೆಕ್ಕದಲ್ಲಿ ಇಳಿಯುವುದಿಲ್ಲ. ಎರಡನ್ನೂ ಬಿಗಿದು ಕಟ್ಟಿದರೆ ಬಿರುಕು ಬಿಡುವುದು ಖಂಡಿತ. ‘ಹೊಸದು ಹಳೆಯದಕ್ಕೆ ಹೊಂದುವುದಿಲ್ಲ’ ಎಂದು ಜನ ತೋರಿಸುವ ಬಿರುಕು ಬಹಳ ಸಲ ಈ ಬಿಗಿತದಿಂದ ಹುಟ್ಟಿದ್ದು. ಹೊಸ ಭಾಗಕ್ಕೆ ತನ್ನದೇ ಪಾಯ, ತನ್ನದೇ ಕಂಬ ಕೊಟ್ಟು, ನಡುವೆ ಒಂದಿಂಚು ಸಂದು ಬಿಟ್ಟು, ಮೇಲೆ ತಗಡಿನ ಮುಚ್ಚಿಗೆ ಹಾಕಿದರೆ ಎರಡೂ ತಮ್ಮ ತಮ್ಮ ಹದದಲ್ಲಿ ಇಳಿಯುತ್ತವೆ. ಪಾಯ ತೋಡುವಾಗ ಹಳೆಯ ಗೋಡೆಯ ಬುಡಕ್ಕಿಂತ ಕೆಳಗೆ ಒಂದೇ ಸಲ ಉದ್ದಕ್ಕೂ ಅಗೆಯಬಾರದು. ತುಂಡು ತುಂಡಾಗಿ ಅಗೆದು ಕಟ್ಟುತ್ತಾ ಹೋಗಬೇಕು.

ಎಲ್ಲಕ್ಕಿಂತ ಮೊದಲು ನೀರನ್ನು ಹೊಸ ಭಾಗಕ್ಕೆ ಕಳಿಸಿ. ಮಣ್ಣಿನ ಗೋಡೆಯ ಶತ್ರು ವಯಸ್ಸಲ್ಲ, ನೀರು. ದನಗಳು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಹಿಂದಿನ ದನದ ಮನೆ ಬರಿದಾಗಿ ಬಿದ್ದಿದೆ. ಅಲ್ಲಿ ಇಟ್ಟಿಗೆ ಕಾಂಕ್ರೀಟಿನಲ್ಲಿ ಅಡುಗೆ ಮನೆ, ಬಚ್ಚಲು, ಪಾಯಖಾನೆ, ಮೇಲೊಂದು ಮಹಡಿ ಬೇಕಾದರೆ ಅದೂ ಏಳಲಿ. ಹಳೆಯ ಭಾಗದಲ್ಲಿ ಒಣಗಿದ ಕೋಣೆಗಳು ಉಳಿಯಲಿ: ದೇವರ ಕೋಣೆ, ಪಡಸಾಲೆ, ಮಲಗುವ ಕೋಣೆ, ಮಕ್ಕಳು ಓದುವ ಜಾಗ. ಎರಡರ ನಡುವೆ ಅಂಗಳ ಇರಲಿ, ಅದನ್ನು ತಗಡು ಹೊದಿಸಿ ಮುಚ್ಚಬೇಡಿ. ಗಾಳಿ ಆಡುವುದು ಅಲ್ಲಿಂದಲೇ. ದಾಟಲು ಹಗುರವಾದ ಒಂದು ಚಪ್ಪರ ಸಾಕು. ಹಳೆಯ ಗೋಡೆಯಲ್ಲಿ ಬಾಗಿಲು ಬೇಕಾದರೆ, ಮೇಲೆ ಈಗಾಗಲೇ ತೊಲೆಯಿರುವ ಕಿಟಕಿಯನ್ನು ಕೆಳಕ್ಕೆ ಇಳಿಸಿಕೊಳ್ಳಿ, ಹೊಸದಾಗಿ ಒಡೆಯಬೇಡಿ. ಹೊಸ ಸ್ಲ್ಯಾಬಿನ ಮಳೆ ನೀರು ಹಳೆಯ ಮಾಳಿಗೆಯ ಮೇಲೆ ಬೀಳದಂತೆ ನೋಡಿಕೊಳ್ಳಿ. ಹಳೆಯ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಲೇಬೇಡಿ. ನೆಲದಿಂದ ಏರುವ ತೇವ ಮಣ್ಣಿನ ಗೋಡೆಯಲ್ಲಿ ಹಗಲು ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ, ಉಪ್ಪು ಹೂತು ಒಂದೆರಡು ಮಳೆಗಾಲದಲ್ಲಿ ಗಿಲಾವೂ ಅದರ ಹಿಂದಿನ ಮಣ್ಣೂ ಒಟ್ಟಿಗೆ ಕಳಚಿ ಬೀಳುತ್ತವೆ. ಸುಣ್ಣದ ಗಾರೆಯೇ ಸರಿ.

ಹೀಗೆ ಮಾಡಿದರೆ ಇನ್ನೊಂದು ಲಾಭವಿದೆ, ಅದನ್ನು ಬಡ ಮನೆಗಳು ತಟ್ಟನೆ ಗುರುತಿಸುತ್ತವೆ. ಕಟ್ಟುವ ಅಷ್ಟೂ ಕಾಲ ಕುಟುಂಬ ಹಳೆಯ ಭಾಗದಲ್ಲೇ ಇರಬಹುದು. ಬಾಡಿಗೆ ಮನೆ ಹುಡುಕಬೇಕಿಲ್ಲ, ಕೆಡವುವ ಖರ್ಚಿಲ್ಲ, ಈ ವರ್ಷ ತೊಗರಿಗೆ ಬೆಲೆ ಬಂದಷ್ಟು ಕಟ್ಟಿ, ಉಳಿದದ್ದನ್ನು ಮುಂದಿನ ಸುಗ್ಗಿಗೆ ಬಿಡಬಹುದು. ಸಾಲ ಮಾಡಿ ಕೆಡವಿ, ಪಿಲ್ಲರಿನ ಸಲಾಖೆಗಳನ್ನು ಆಕಾಶಕ್ಕೆ ಬಿಟ್ಟು, ಅರ್ಧಕ್ಕೇ ನಿಂತ ಮನೆಗಳನ್ನು ನಮ್ಮ ಓಣಿಗಳಲ್ಲಿ ಎಷ್ಟು ನೋಡಿಲ್ಲ?

‘ಇಂಥ ಕೆಲಸ ಮಾಡುವವರು ಈಗ ಯಾರಿದ್ದಾರೆ?’ ಎಂಬುದು ಕೊನೆಯ ತಕರಾರು. ಬೀದರದ ಸ್ಮಾರಕಗಳ ರಿಪೇರಿಯಲ್ಲಿ ಸುಣ್ಣ ಅರೆದು ಗಚ್ಚು ಬಡಿಯುವ ಕೆಲಸ ಇವತ್ತಿಗೂ ಇದೆ; ಆ ಕೈಗಳು ಮನೆಗಳಿಗೂ ಬರಲಿ. ಬೀದರದಲ್ಲಿ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜಿದೆ, ಭಾಲ್ಕಿಯಲ್ಲೊಂದಿದೆ, ಬಸವಕಲ್ಯಾಣದಲ್ಲೊಂದಿದೆ. ಸಿವಿಲ್ ವಿಭಾಗದ ಹುಡುಗ ಹುಡುಗಿಯರು ಕೊನೆಯ ವರ್ಷದ ಪ್ರಾಜೆಕ್ಟಿಗೆ ದೂರದ ಕಟ್ಟಡಗಳನ್ನು ಹುಡುಕುವ ಬದಲು ದುಬಲಗುಂಡಿಯ ಒಂದು ಓಣಿಗೆ ಬರಲಿ. ಮನೆಮನೆಯ ಅಂಕಣ ಎಣಿಸಲಿ, ಗೋಡೆಯ ದಪ್ಪ, ಮಾಳಿಗೆಯ ಮಣ್ಣಿನ ಆಳ ಅಳೆಯಲಿ, ಅಡ್ಡಗಲ್ಲು ಇದೆಯೋ ಇಲ್ಲವೋ ನೋಡಲಿ, ಯಾವ ಕಂಬಕ್ಕೆ ಗೆದ್ದಲು ಹತ್ತಿದೆ ಎಂದು ಬರೆದುಕೊಳ್ಳಲಿ. ಪ್ರತಿ ಮನೆಗೂ ಒಂದು ಹಾಳೆ: ಏನು ಉಳಿಸಬಹುದು, ಏನನ್ನು ಬಲಪಡಿಸಬೇಕು, ಹೊಸದು ಎಲ್ಲಿ ಏಳಬಹುದು. ಆ ಹಾಳೆ ಮನೆಯವರ ಕೈಯಲ್ಲೂ ಇರಲಿ, ಪಂಚಾಯಿತಿಯ ಕಡತದಲ್ಲೂ ಇರಲಿ. ಜೆಸಿಬಿಗೆ ಹೇಳಿ ಕಳಿಸುವ ಮುಂಚೆ ಓದಲು ಮನೆಯ ಯಜಮಾನನಿಗೆ ಅಷ್ಟಾದರೂ ಇರಬೇಕು.